ಭಾವನವರ ನೀರು ಹೋದ ದಾರಿ

ನೆಲ ಕೊರೆಯಲು ಬಂದಿದ್ದವನು ತೊಯ್ದು ತೊಪ್ಪೆಯಾಗಿ ವಾಪಸು ಹೋದ.

ಅವನದೇನೂ ತಪ್ಪಿರಲಿಲ್ಲ. ಪಾರ್ಕಿನ ಸಮಿತಿಯವರೇ ಅವನನ್ನು ಕರೆಸಿದ್ದರು. ಹುಲ್ಲುಹಾಸಿನ ನಡುವೆ ನಿಂತಿದ್ದ ದೊಡ್ಡ ಮರ ಕೆಲವು ಕಾಲದಿಂದ ತುದಿಯಿಂದ ಒಣಗುತ್ತಾ ಬರುತ್ತಿತ್ತು. ಬೇರಿಗೆ ನೀರು ಸಾಲದೆ ಹೀಗಾಗಿದೆಯೋ, ಹೆಚ್ಚಾಗಿ ಕೊಳೆಯುತ್ತಿದೆಯೋ ಗೊತ್ತಾಗಬೇಕಾದರೆ ಆಳದ ಮಣ್ಣು ನೋಡಬೇಕು. ಅದಕ್ಕೆ ಬುಡದ ಸುತ್ತ ನಾಲ್ಕಾರು ಕಡೆ ಕೊರೆಯಿಸೋಣ ಎಂದು ತೀರ್ಮಾನಿಸಿದ್ದರು. ಆ ಮನುಷ್ಯ ಮೆಷಿನ್ ಇಳಿಸಿ, ಕೊರೆಯುವ ಸಲಾಕೆಯನ್ನು ಹುಲ್ಲಿನ ಮೇಲೆ ನಿಲ್ಲಿಸುವಷ್ಟರಲ್ಲಿ ಪಾರ್ಕಿನ ಸೂಪರಿಂಟೆಂಡೆಂಟರು ನೀರಿನ ಪೈಪು ಹಿಡಿದು ಎದುರು ಬಂದು ನಿಂತರು.

"ಒಂದು ತೂತು ಬಿತ್ತೋ, ನೋಡು" ಅಂದರು.

"ಸಾರ್, ಸಮಿತಿಯವರೇ ಹೇಳಿದ್ದಾರೆ."

"ಹಾಗಾದ್ರೆ ಅವರ ತಲೇಲೇ ಕೊರಿ. ಅಲ್ಲಿ ಮೆತ್ತಗಿದೆ."

ಅವನು ನಗಬೇಕೋ ಬೇಡವೋ ತಿಳಿಯದೆ ಸಲಾಕೆಯನ್ನು ಒಂದು ಸುತ್ತು ತಿರುಗಿಸಿದ. ಮುಂದಿನ ಕ್ಷಣ ಪೈಪಿನ ನೀರು ಅವನ ಮುಖಕ್ಕೇ ಹೊಡೆಯಿತು. ಟೋಪಿ ಹಾರಿ ಹೂವಿನ ಪಾತಿಗೆ ಬಿತ್ತು. ಅದನ್ನು ತೆಗೆದುಕೊಳ್ಳಲು ಪಾತಿಗೆ ಕಾಲಿಟ್ಟಿದ್ದಕ್ಕೆ ಇನ್ನೊಂದು ಸಲ ನೀರು ಬಿತ್ತು.

ಸೂಪರಿಂಟೆಂಡೆಂಟರು ಕೆಟ್ಟವರೇನಲ್ಲ. ಆದರೆ ಆ ಹುಲ್ಲನ್ನು ಅವರು ಬೆಳೆಸಿರಲಿಲ್ಲ, ಸಾಕಿದ್ದರು. ಸಲಕರಣೆ ಶೆಡ್ಡಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಲು ಪುರುಸೊತ್ತೇ ಆಗಿರಲಿಲ್ಲ. ಬೆಳಿಗ್ಗೆ ಎದ್ದವರೇ ನೀರು ಬಿಡುವುದು, ಆಮೇಲೆ ಕತ್ತರಿಸುವುದು, ವಾರಕ್ಕೊಮ್ಮೆ ಕಲ್ಲಿನ ರೋಲರ್ ಎಳೆದು ಇಡೀ ಹುಲ್ಲುಹಾಸನ್ನು ಇಸ್ತ್ರಿ ಮಾಡಿದ ಬಟ್ಟೆಯಂತೆ ಮಟ್ಟಸ ಮಾಡುವುದು. ಕತ್ತಿನಲ್ಲಿ ಸದಾ ಒಂದು ಹಿತ್ತಾಳೆಯ ಸೀಟಿ. ಹುಲ್ಲಿನ ಮೇಲೆ ಯಾರಾದರೂ ಕಾಲಿಟ್ಟರೆ ಸೀಟಿ ಊದುವ ರಭಸಕ್ಕೆ ಪಾರಿವಾಳಗಳೂ ಎದ್ದು ಹಾರುತ್ತಿದ್ದವು. ಪಾರ್ಕಿಗೆ ಬರುವವರ ಬಾಯಲ್ಲಿ ಅವರು ಸೀಟಿ ಸಾಹೇಬರು.

ಅವರ ತಮ್ಮನ ಹೆಂಡತಿ ಮಣ್ಣಿನ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವಳು. ಆ ತಮ್ಮನೋ ಹಲ್ಲಿನ ಡಾಕ್ಟರು. ಹೀಗಾಗಿ ಬೀದಿಯವರೆಲ್ಲ ಅವಳನ್ನು ಮಣ್ಣಿನ ಡಾಕ್ಟರು ಅನ್ನುತ್ತಿದ್ದರು, ಮತ್ತು ತಲೆನೋವು ಬಂದಾಗ ಅವಳ ಹತ್ತಿರವೇ ಬರುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅವಳೊಮ್ಮೆ ಆಫೀಸಿನವರ ಜೊತೆ ಪಾರ್ಕಿಗೆ ಹೋಗಿ, ಅರಿವಿಲ್ಲದೆ ಹುಲ್ಲಿನ ಅಂಚಿಗೆ ಕಾಲಿಟ್ಟಿದ್ದಳು. ಭಾವ ದೂರದಿಂದ ಗುರುತು ಹಿಡಿಯದೆ ಸೀಟಿ ಊದಿದರು. ಅವಳ ಕೈಯಲ್ಲಿದ್ದ ಊಟದ ಡಬ್ಬಿ ಬಿದ್ದು ಚೆಲ್ಲಾಪಿಲ್ಲಿಯಾಯಿತು. ಓಡಿ ಬಂದ ಭಾವ ಗುರುತು ಸಿಕ್ಕಿದ ಮೇಲೆ ಕ್ಷಮೆ ಕೇಳುತ್ತಾರೆಂದು ಎಲ್ಲರೂ ಕಾದರು. ಅವರು ಬಗ್ಗಿ, ಹುಲ್ಲಿನ ಮೇಲೆ ಬಿದ್ದ ಪಲ್ಯವನ್ನು ಬೆರಳಲ್ಲಿ ಎತ್ತಿ ತೋರಿಸಿ, "ಎಣ್ಣೆ ಬಿದ್ರೆ ಹುಲ್ಲು ಸುಡುತ್ತೆ" ಅಂದರು.

ಅಲ್ಲಿಂದ ಇಬ್ಬರೂ ನೇರವಾಗಿ ಮಾತಾಡಿದ್ದಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಭಾವ ತಮ್ಮನ ಮನೆಗೆ ಬರುವುದು ವಾಡಿಕೆ. ತಾಯಿ ಅಲ್ಲೇ ಇದ್ದರು. ನೀರು ಹೊಡೆದ ಸುದ್ದಿ ಅಷ್ಟರಲ್ಲಿ ಮನೆ ತಲುಪಿತ್ತು. ಅಂದು ಭಾವ ತಟ್ಟೆಯ ಮುಂದೆ ಸುಮ್ಮನೆ ಕೂತು ಅನ್ನವನ್ನು ಗುಡ್ಡೆ ಮಾಡುತ್ತಿದ್ದರು, ಕೆಡವುತ್ತಿದ್ದರು.

"ಸಮಿತಿಯವರು ಕಾಗದ ಕಳಿಸಿದ್ದಾರೆ. ಕಾರಣ ಏನು ಅಂತ ಗೊತ್ತಾಗದೇ ಹೋದ್ರೆ ಗಾಳಿಗಾಲಕ್ಕೆ ಮುಂಚೆ ಮರ ಕಡಿಸ್ತಾರಂತೆ. ಯಾರ ತಲೆ ಮೇಲಾದ್ರೂ ಬಿದ್ದರೆ ಅಂತ ಭಯವಂತೆ" ಅಂದರು ತಾಯಿಗೆ.

ಮಣ್ಣಿನ ಡಾಕ್ಟರು ಗಂಡನ ಕಡೆ ತಿರುಗಿದಳು. "ರೀ, ನಿಮ್ಮಣ್ಣನಿಗೆ ಹೇಳಿ. ಒಂದು ತೂತೂ ಕೊರೆಯದೆ ಆಳದ ತೇವ ನೋಡೋ ಮೆಷಿನ್ ನಮ್ಮ ಆಫೀಸಲ್ಲಿದೆ ಅಂತ."

"ಅಣ್ಣ, ಕೊರೆಯದೆ ನೋಡೋ ಮೆಷಿನ್ ಇದೆಯಂತೆ."

"ಅದೆಂಥ ಮೆಷಿನ್ನು ಅಂತ ಕೇಳು."

"ಎಂಥ ಮೆಷಿನ್ನು ಅಂತ ಕೇಳ್ತಿದಾನೆ."

"ಉದ್ದ ಕೋಲಿನ ಹಾಗಿರುತ್ತೆ ಅಂತ ಹೇಳಿ. ನೆಲ ಮುಟ್ಟೋದೇ ಇಲ್ಲ. ಕೈಯಲ್ಲಿ ಹಿಡ್ಕೊಂಡು ನಡೆದ್ರೆ ಸಾಕು."

"ಉದ್ದ ಕೋಲು. ಮುಟ್ಟಲ್ಲ" ಎಂದು ಗಂಡ ಬಾಯಲ್ಲಿ ಅನ್ನ ಇಟ್ಟುಕೊಂಡೇ ಹೇಳಿದ. ಇಬ್ಬರ ನಡುವೆ ಅವನ ತುತ್ತು ಗಂಟಲಿಳಿಯುತ್ತಿರಲಿಲ್ಲ.

ಅತ್ತೆ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದರು. "ಸಾಕು ಮಾಡಿ! ಅವನಿಗೆ ಊಟ ಮಾಡಕ್ಕೆ ಬಿಡಿ. ಒಬ್ಬ ಜನರ ಬಾಯೊಳಗೆ ನೋಡ್ತಾನೆ, ಇವಳು ಭೂಮಿಯೊಳಗೆ ನೋಡ್ತಾಳೆ, ನೀನು ಹುಲ್ಲೊಳಗೆ ನೋಡ್ತೀಯ. ನನ್ನ ಮಂಡಿ ನೋಡೋರು ಈ ಮನೇಲಿ ಒಬ್ಬರೂ ಇಲ್ಲ. ಏನು ಕೇಳ್ಬೇಕೋ ಅವಳನ್ನೇ ಕೇಳು."

ಭಾವ ಕೆಮ್ಮಿದರು. ಉಪ್ಪಿನ ಡಬ್ಬಿಯನ್ನು ನೋಡುತ್ತಾ ಕೇಳಿದರು: "ಮುಟ್ಟದೇ ಹೋದ್ರೆ ಹೇಗೆ ಗೊತ್ತಾಗುತ್ತೆ?"

ಅವಳೂ ಉಪ್ಪಿನ ಡಬ್ಬಿಗೇ ಉತ್ತರ ಕೊಟ್ಟಳು. ಕೋಲಿನ ಒಂದು ತುದಿಯಲ್ಲಿ ತಂತಿಯ ಸುರುಳಿ ಇದೆ. ಅದು ಕಣ್ಣಿಗೆ ಕಾಣದ ಅಲೆಯನ್ನು ನೆಲದೊಳಗೆ ಕಳಿಸುತ್ತದೆ. ನೆಲ ಅದಕ್ಕೆ ಮಾರುತ್ತರ ಕೊಡುತ್ತದೆ. ಒದ್ದೆ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಓಡುವುದರಿಂದ ಉತ್ತರ ಜೋರಾಗಿರುತ್ತದೆ, ಒಣ ಮಣ್ಣಿನದು ಮೆಲ್ಲಗೆ. ಆ ಉತ್ತರ ಕೇಳಲು ಕೋಲಿನಲ್ಲಿ ಬೇರೆ ಸುರುಳಿಗಳಿವೆ. ಹತ್ತಿರದ್ದಕ್ಕೆ ಮೇಲ್ಮಣ್ಣಿನ ಮಾತು ಕೇಳುತ್ತದೆ, ದೂರದ್ದಕ್ಕೆ ಆಳದ್ದು.

"ಅಂದ್ರೆ ಗುಸುಗುಸು" ಅಂದರು ಭಾವ.

"ಹೌದು, ಒಂಥರಾ ಗುಸುಗುಸೇ."

"ನೀರು ಕಮ್ಮಿಯಾಗಿಲ್ಲ. ಅದು ನಂಗೊತ್ತು. ದಿನಾ ನಾನೇ ಬಿಡ್ತೀನಿ. ಈಗಂತೂ ಎರಡು ಹೊತ್ತು." ಎದ್ದು ಕೈ ತೊಳೆಯುತ್ತಾ, ಬೆನ್ನು ತೋರಿಸಿಕೊಂಡೇ ಸೇರಿಸಿದರು: "ಬರಲಿ. ಚಪ್ಪಲಿ ಬಿಟ್ಟು ಬರಲಿ."

ಮೆಷಿನ್ನಿಗೆ ಒಂದು ದೊಡ್ಡ ಪೀಡೆಯಿತ್ತು. ಅದಕ್ಕೆ ಲೋಹ ಕಂಡರಾಗದು. ಹೊತ್ತವರ ಮೈಮೇಲೆ ಕಬ್ಬಿಣ, ಹಿತ್ತಾಳೆ ಏನಿದ್ದರೂ ನೆಲವನ್ನು ಬಿಟ್ಟು ಅದನ್ನೇ ಓದುತ್ತಾ ಕೂರುತ್ತದೆ. ಮಣ್ಣಿನ ಡಾಕ್ಟರು ಹಿಂದೊಮ್ಮೆ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಮೊಳಕಾಲಿನ ಕೆಳಗೆ ಸ್ಟೀಲಿನ ಪಟ್ಟಿಯೊಂದು ಸ್ಕ್ರೂಗಳ ಸಮೇತ ಒಳಗೇ ಇತ್ತು. ಆಮೇಲೆ ಅವಳ ಬದಲು ಮೆಷಿನ್ ಹೊರುತ್ತಿದ್ದ ಸಹೋದ್ಯೋಗಿ ಹೆರಿಗೆ ರಜೆಯಲ್ಲಿದ್ದಳು. ಹಾಗಾಗಿ ಕ್ಲಿನಿಕ್ಕಿಗೆ ರಜೆ ಹಾಕಿಸಿ ಗಂಡನನ್ನೇ ಕರೆತಂದಳು.

ಅವಳು ಸಿಮೆಂಟು ಬೆಂಚಿನ ಮೇಲೆ ಬಟ್ಟೆ ಹಾಸಿ, ಗಂಡನ ಮೈಮೇಲಿನದನ್ನೆಲ್ಲ ಒಂದೊಂದಾಗಿ ತೆಗೆಸಿದಳು. ಗಡಿಯಾರ, ಉಂಗುರ, ಫೋನು, ಕೀಲಿ, ಕನ್ನಡಕ. ಕೊನೆಗೆ ಬೆಲ್ಟು.

"ಬೆಲ್ಟು ಬೇಡ ಕಣೇ. ಈ ಪ್ಯಾಂಟು ಬೆಲ್ಟಿನ ಮೇಲೇ ನಿಂತಿರೋದು" ಅಂದ ಅವನು ಮೆಲ್ಲಗೆ.

"ಬಕಲ್ ಇದೆಯಲ್ಲ. ತೆಗೀರಿ."

ಅತ್ತೆ ಚಹಾ ಫ್ಲಾಸ್ಕಿನೊಂದಿಗೆ ಇನ್ನೊಂದು ಬೆಂಚಿನಲ್ಲಿ, ನಾಟಕ ನೋಡಲು ಬಂದವರಂತೆ ಕೂತಿದ್ದರು. ದಂತವೈದ್ಯ ಹೊರಟ. ಒಂದು ಕೈಯಲ್ಲಿ ತನಗಿಂತ ಎರಡು ಪಟ್ಟು ಉದ್ದದ ಕೋಲು, ಇನ್ನೊಂದು ಕೈಯಲ್ಲಿ ಪ್ಯಾಂಟಿನ ಸೊಂಟ. ಹುಲ್ಲಿನ ಈ ಅಂಚಿನಿಂದ ಆ ಅಂಚಿಗೆ ದಾರ ಕಟ್ಟಿದಂತೆ ನೇರವಾಗಿ, ಒಂದೇ ವೇಗದಲ್ಲಿ ನಡೆಯಬೇಕಿತ್ತು. ಕನ್ನಡಕವಿಲ್ಲದೆ ಅವನಿಗೆ ಆ ಅಂಚೇ ಕಾಣುತ್ತಿರಲಿಲ್ಲ. ಜೊತೆಗೆ ವಾಯುವಿಹಾರಕ್ಕೆ ಬಂದವರಲ್ಲಿ ಅರ್ಧದಷ್ಟು ಜನ ಅವನ ರೋಗಿಗಳು. "ಡಾಕ್ಟ್ರೇ, ನಮಸ್ಕಾರ!" ಎಂದು ಯಾರೋ ಕೂಗಿದರು. ಅವನು ಅಭ್ಯಾಸಬಲದಿಂದ ಕೈಯೆತ್ತಿದ. ಎತ್ತಿದ್ದು ಪ್ಯಾಂಟು ಹಿಡಿದಿದ್ದ ಕೈ.

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಗುವಿಗೆ ಫ್ಲಾಸ್ಕು ಅಲುಗುತ್ತಿತ್ತು.

ಆದರೆ ಭಾವನಿಗೆ ಪ್ಯಾಂಟಿನ ಚಿಂತೆಯಿರಲಿಲ್ಲ. ಅವರು ತಮ್ಮನ ಹೆಜ್ಜೆಗಳನ್ನು ನೋಡುತ್ತಿದ್ದರು. ಇಬ್ಬನಿಯ ಹುಲ್ಲಿನ ಮೇಲೆ ಅವು ಹಾವು ಹರಿದ ಹಾಗೆ ಅಂಕುಡೊಂಕಾಗಿದ್ದವು. ಹಲ್ಲು ಕಚ್ಚಿ ತಡೆದುಕೊಂಡರು. ದಂತವೈದ್ಯ ಇನ್ನೊಂದು ಸಾಲಿಗೆ ತಿರುಗಿ ಮರದ ಬುಡಕ್ಕೇ ಕೋಲು ತಾಗಿಸಿದಾಗ ತಡೆಯಲಾಗಲಿಲ್ಲ.

"ಅದೇನು ನಡಿಗೆಯೋ ನಿಂದು! ಕುಡಿದೋರು ಇದಕ್ಕಿಂತ ನೆಟ್ಟಗೆ ಹೋಗ್ತಾರೆ. ಕೊಡು ಇಲ್ಲಿ!"

ಕೋಲು ಕಿತ್ತುಕೊಂಡೇಬಿಟ್ಟರು. ಮಣ್ಣಿನ ಡಾಕ್ಟರು ಅವರನ್ನು ಮೇಲಿಂದ ಕೆಳಗೆ ನೋಡಿದಳು. ಲಾಡಿ ಕಟ್ಟಿದ ಪ್ಯಾಂಟು, ಬರಿಗಾಲು. ಉಂಗುರವಿಲ್ಲ, ಗಡಿಯಾರವಿಲ್ಲ. ಇಷ್ಟು ವರ್ಷ ಹುಡುಕಿದರೂ ಇಂಥ ಮನುಷ್ಯ ಅವಳಿಗೆ ಸಿಕ್ಕಿರಲಿಲ್ಲ.

"ಭಾವ, ಸೀಟಿ" ಎಂದಳು. ನೇರವಾಗಿ ಅವರಿಗೇ.

ಭಾವ ಕತ್ತಿಗೆ ಕೈ ಹಾಕಿದರು. ಅವರ ಮುಖ ಚಿಕ್ಕದಾಯಿತು. "ಇದು ಸಣ್ಣದು" ಅಂದರು.

"ಹಿತ್ತಾಳೇದು, ಭಾವ. ಬೇಡ."

ಅವರು ಸೀಟಿ ತೆಗೆದು ಬೆಂಚಿನ ಮೇಲಿಡಲು ಹೋದರು. ಅದೇ ಹೊತ್ತಿಗೆ ದಂತವೈದ್ಯ ಬೆಲ್ಟು ಹುಡುಕುತ್ತಾ ಎಲ್ಲವನ್ನೂ ಕೆಳಗೆ ಬೀಳಿಸಿದ. ಅವಳು ಅವನ ಕನ್ನಡಕ ಹುಡುಕಿಕೊಡಲು ಬಗ್ಗಿದಳು. ಎದ್ದಾಗ ಭಾವ ಕೋಲು ಹಿಡಿದು ಸಾಲಿನ ಮೊದಲಲ್ಲಿ ನಿಂತಿದ್ದರು.

ಅವರು ನಡೆದದ್ದನ್ನು ನೋಡಬೇಕಿತ್ತು. ಹುಲ್ಲು ಕತ್ತರಿಸುವ ಮೆಷಿನ್ನಿನ ಹಿಂದೆ ಜೀವಮಾನವೆಲ್ಲ ನಡೆದ ಕಾಲುಗಳು ಅವು. ಸಾಲಿನ ಪಕ್ಕ ಸಾಲು, ಗೆರೆ ಎಳೆದಂತೆ. ತಿರುವಿನಲ್ಲೂ ಕೋಲು ಅಲುಗಲಿಲ್ಲ. ಅವಳು ಏನು ಕೇಳಿದರೂ ಅವರು ತಲೆಯಾಡಿಸುತ್ತಿದ್ದರೇ ಹೊರತು ಮಾತಾಡಲಿಲ್ಲ. ಎಷ್ಟು ಏಕಾಗ್ರತೆ ಎಂದು ಅವಳಿಗೆ ಮೆಚ್ಚುಗೆಯಾಯಿತು.

ಲ್ಯಾಪ್‌ಟಾಪಿನಲ್ಲಿ ಅಂಕಿಗಳನ್ನು ನೋಡುವ ತನಕ ಆ ಮೆಚ್ಚುಗೆ ಉಳಿಯಿತು. ನಡುವೆಲ್ಲ ಅಂಕಿಗಳು ಸಮಾಧಾನವಾಗಿದ್ದವು. ಕಾಲುದಾರಿಯ ಪಕ್ಕಕ್ಕೆ ಬಂದಾಗ ಮಾತ್ರ ಇದ್ದಕ್ಕಿದ್ದಂತೆ ನೆಗೆದು, ತಿರುಗಿ ಬೀಳುತ್ತಿದ್ದವು. ನೆಲದಡಿ ಹೀಗೆ ಅಲ್ಲಲ್ಲಿ ಮಡಕೆ ಹೂತಿಟ್ಟಂತೆ ನೀರಿರಲು ಸಾಧ್ಯವಿಲ್ಲ.

"ಭಾವ, ನಿಮ್ಮ ಹತ್ರ ಲೋಹದ್ದು ಏನಾದ್ರೂ ಇದೆಯಾ?"

ಭಾವ ಇಲ್ಲವೆಂದು ತಲೆಯಾಡಿಸಿದರು.

"ಜೇಬಲ್ಲಿ?"

ಮತ್ತೆ ತಲೆಯಾಡಿಸಿದರು. ಒಂದು ಕೆನ್ನೆ ಯಾಕೋ ಊದಿಕೊಂಡಿತ್ತು.

ಅತ್ತೆ ಕೂತಲ್ಲಿಂದಲೇ ಕೂಗಿದರು: "ಚಿಕ್ಕವನಿದ್ದಾಗ ಬೆಲ್ಲದ ಚೂರು ಕದ್ದಾಗ್ಲೂ ಇದೇ ಮುಖ. ಬಾಯಿ ತೆಗೆಸಿ ನೋಡೇ!"

ದಂತವೈದ್ಯನಿಗೆ ಅಷ್ಟೇ ಬೇಕಿತ್ತು. ಬೆಳಗಿನಿಂದ ಹೋದ ಮಾನವನ್ನು ಗಳಿಸಿಕೊಳ್ಳಲು ಅವಕಾಶ ಸಿಕ್ಕಿತ್ತು. ಅಣ್ಣನ ಗದ್ದ ಹಿಡಿದು, ಕ್ಲಿನಿಕ್ಕಿನ ದನಿಯಲ್ಲಿ, "ದೊಡ್ಡದಾಗಿ ಆ ಅನ್ನಿ" ಎಂದ. ಎರಡು ಬೆರಳು ಹಾಕಿ ಸೀಟಿಯನ್ನು ಹೊರತೆಗೆದು ಎಲ್ಲರಿಗೂ ತೋರಿಸಿದ.

"ಊದಿಲ್ಲ. ಒಂದು ಸಲಾನೂ ಊದಿಲ್ಲ" ಅಂದರು ಭಾವ, ಬಾಯಿ ಒರೆಸಿಕೊಳ್ಳುತ್ತಾ. "ಯಾರಾದ್ರೂ ಹುಲ್ಲಿನ ಹತ್ರ ಬಂದಾಗ ಕೈಗೆ ತಗೊಳ್ತಿದ್ದೆ, ಅಷ್ಟೇ. ಮತ್ತೆ ಬಾಯಿಗೇ ಹಾಕ್ಕೊಳ್ತಿದ್ದೆ."

ಆ ಕೈ ಕೋಲು ಹಿಡಿದ ಕೈ. ಭಾವನಿಗೆ ಎಲ್ಲೆಲ್ಲಿ ಸೀಟಿ ಊದಬೇಕೆನ್ನಿಸಿತ್ತೋ ಅಲ್ಲೆಲ್ಲ ನಕ್ಷೆಯಲ್ಲಿ ಒಂದೊಂದು ಕೆಂಪು ಚುಕ್ಕೆ ಬಿದ್ದಿತ್ತು. ಮಣ್ಣಿನ ಡಾಕ್ಟರು ನಗು ತಡೆಯಲು ಹೋಗಿ ಸೋತಳು. ಭಾವ ಮೊದಲು ಮುಖ ಊದಿಸಿಕೊಂಡರು; ನಕ್ಷೆ ತೋರಿಸಿ ವಿವರಿಸಿದ ಮೇಲೆ, "ಇಷ್ಟೇನಾ? ಇನ್ನೂ ಜಾಸ್ತಿ ಅನ್ನಿಸಿತ್ತು ನಂಗೆ" ಅಂದರು.

ಸೀಟಿಯನ್ನು ಅತ್ತೆಯ ವಶಕ್ಕೆ ಕೊಟ್ಟು ಎಲ್ಲ ಸಾಲುಗಳನ್ನೂ ಮತ್ತೆ ನಡೆದರು. ಈ ಸಲ ಅಂಕಿಗಳು ಸ್ವಚ್ಛವಾಗಿ ಬಂದವು.

ಶೆಡ್ಡಿನೊಳಗೆ, ಸಲಿಕೆ ಗುದ್ದಲಿಗಳ ನಡುವೆ ಒಂದು ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಅವಳು ನಕ್ಷೆ ತೆರೆದಳು. ಒದ್ದೆಯಿದ್ದಲ್ಲಿ ನೀಲಿ, ಒಣಗಿದಲ್ಲಿ ಕಂದು. ಮೊದಲನೆಯದು ಮೇಲ್ಮಣ್ಣಿನದು, ಇಡೀ ಹುಲ್ಲುಹಾಸು ಕೆರೆಯಂತೆ ನೀಲಿಯಾಗಿತ್ತು.

"ನೋಡಿದ್ಯಾ? ನಾನು ಹೇಳ್ಲಿಲ್ವಾ?" ಭಾವ ತಮ್ಮನ ಬೆನ್ನಿಗೆ ಒಂದು ಗುದ್ದಿದರು.

"ಇದು ಆಳದ್ದು, ಭಾವ."

ಎರಡನೆಯ ನಕ್ಷೆಯಲ್ಲಿ ಮರದ ಕೆಳಗೆ, ಅದರ ನೆರಳು ಬೀಳುವಷ್ಟಗಲಕ್ಕೂ, ಕಂದು. ಹಂಚಿನ ಹಾಗೆ ಕಂದು. ನೀಲಿ ಇರಲಿಲ್ಲವೆಂದಲ್ಲ. ಅದೆಲ್ಲ ಒಂದು ಬದಿಗೆ ಸರಿದು, ನಾಲಗೆ ಚಾಚಿದಂತೆ ಉದ್ದಕ್ಕೆ ಹೋಗಿ ಕಾಂಪೌಂಡ್ ಗೋಡೆಗೆ ತಾಗಿತ್ತು. ಗೋಡೆಯಾಚೆ ಬೇಕರಿ.

ಭಾವ ನೀಲಿಯ ಮೇಲೆ ಬೆರಳಿಟ್ಟು ಗೋಡೆಯ ತನಕ ಎಳೆದರು. ಆಮೇಲೆ, "ನಿನ್ನ ಮೆಷಿನ್ ಸುಳ್ಳು ಹೇಳುತ್ತೆ" ಅಂದು ಎದ್ದು ಹೋದರು.

ಅವಳಿಗೂ ಅನುಮಾನವಿತ್ತು. ಒದ್ದೆ ಮಣ್ಣಷ್ಟೇ ಅಲ್ಲ, ಜಿಗುಟು ಮಣ್ಣೂ ಉಪ್ಪು ಮಣ್ಣೂ ಜೋರಾಗಿ ಉತ್ತರ ಕೊಡುತ್ತವೆ. ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡಬಾರದು. ಮರುದಿನ ಇನ್ನೊಂದು ಉಪಕರಣ ತಂದಳು. ಅದು ನೆಲದೊಳಕ್ಕೆ ರೇಡಿಯೋ ಅಲೆ ಬಿಟ್ಟು, ಒಳಗಿನ ಪದರಗಳಿಂದ ತಿರುಗಿ ಬರುವ ಅಲೆಯನ್ನು ಚಿತ್ರವಾಗಿಸುವ ರೇಡಾರ್. ಚಕ್ರದ ಗುರುತು ಬೀಳುತ್ತದೆಂದು ಭಾವ ಗಾಡಿಗೆ ಒಪ್ಪಲಿಲ್ಲ. ಅತ್ತೆಯ ಹಳೆಯ ಕಂಬಳಿಯ ಮೇಲೆ ಅದನ್ನಿಟ್ಟು ದಂತವೈದ್ಯನೇ ಹುಲ್ಲಿನ ಮೇಲೆ ಎಳೆದ. ಈ ಸಲ ಅವನೂ ಲಾಡಿ ಪ್ಯಾಂಟಿನಲ್ಲಿ ಬಂದಿದ್ದ.

ಚಿತ್ರದಲ್ಲಿ ಹುಲ್ಲಿನಿಂದ ಒಂದು ಮೊಳ ಕೆಳಗೆ ದಪ್ಪನೆಯ ಗೆರೆಯೊಂದು ಕಾಣಿಸಿತು. ಅದು ಮರದ ಕಡೆಯಿಂದ ಗೋಡೆಯ ಕಡೆಗೆ ಮಾಡಿನ ಹಾಗೆ ಇಳಿಜಾರಾಗಿತ್ತು.

"ಇದು ಗಟ್ಟಿ ಪದರ, ಭಾವ. ನೀವು ಬಿಟ್ಟ ನೀರು ಇದರ ತನಕ ಬರುತ್ತೆ. ಕೆಳಗಿಳಿಯಕ್ಕೆ ದಾರಿಯಿಲ್ಲ, ಜಾರಿಕೊಂಡು ಬೇಕರಿ ಕಡೆ ಹೋಗುತ್ತೆ. ಕೆಳಗಿನ ಬೇರಿಗೆ ಒಂದು ಹನಿನೂ ಸಿಗ್ತಿಲ್ಲ."

"ಪದರ ಹೇಗಾಯ್ತು?"

ಕಾರಣ ಅವಳಿಗೆ ಗೊತ್ತಿತ್ತು. ಜಿಗುಟು ಮಣ್ಣು, ಅದರ ಮೇಲೆ ದಿನವೂ ನೀರು, ಒದ್ದೆಯಾಗಿದ್ದಾಗಲೇ ಮೇಲೆ ಭಾರ. ಶೆಡ್ಡಿನ ಮೂಲೆಯಲ್ಲಿ ಕಲ್ಲಿನ ರೋಲರ್ ಇತ್ತು. ಅವಳು ಅದರ ಕಡೆ ನೋಡದಿರಲು ಪ್ರಯತ್ನಪಟ್ಟಳು. ಅವಳು ಯಾವ ಕಡೆ ನೋಡುತ್ತಿಲ್ಲವೆಂದು ಭಾವನಿಗೆ ತಿಳಿಯಿತು.

"ನಾನೇ ಎಳೀತಿದ್ದೆ" ಅಂದರು. ದನಿ ಸಣ್ಣದಾಗಿತ್ತು. "ಆಳುಗಳಿಗೆ ಕೊಟ್ರೆ ಸರಿಯಾಗಿ ಒತ್ತಲ್ಲ ಅಂತ ನಾನೇ ಎಳೀತಿದ್ದೆ."

ಯಾರೂ ನಗಲಿಲ್ಲ. ಅವರು ರೋಲರಿನ ಹಿಡಿಯ ಮೇಲಿದ್ದ ಧೂಳನ್ನು ಅಂಗೈಯಲ್ಲಿ ಒರೆಸಿದರು, ಮತ್ತೆ ಒರೆಸಿದರು. ಕೊನೆಗೆ ಹಟಕ್ಕೆ ಬಿದ್ದವರಂತೆ ತಲೆಯೆತ್ತಿದರು. "ನೀರು ನಿಲ್ಲಿಸ್ತೀನಿ. ಬೇಕರಿಯವನ ನೆಲಮಾಳಿಗೆ ಒಣಗಿದ್ರೆ ಒಪ್ಕೋತೀನಿ. ಇಲ್ದಿದ್ರೆ ಇಲ್ಲ."

ಬೇಕರಿಯವನು ತನ್ನ ನೆಲಮಾಳಿಗೆಯ ಗೋಡೆ ಒಸರುತ್ತದೆಂದು ಒಂದು ಕಾಲದಲ್ಲಿ ಪಾರ್ಕಿಗೆ ಬಂದು ಬಂದು ಜಗಳವಾಡಿದ್ದ. "ನಿಮ್ಮ ಒಲೆಗಳು ಬೆವರ್ತಿವೆ" ಎಂದು ಭಾವ ಅಟ್ಟಿದ್ದರು. ಆಮೇಲೆ ಯಾಕೋ ಅವನೇ ಬರುವುದನ್ನು ಬಿಟ್ಟಿದ್ದ.

ಭಾವ ನಲ್ಲಿ ಮುಚ್ಚಿದರು. ಹುಲ್ಲು ಹಳದಿಗೆ ತಿರುಗಿತು. ಬೆಳಿಗ್ಗೆ ಎದ್ದು ಪೈಪು ಹಿಡಿಯಲಾಗದೆ ಅವರು ಬೆಂಚಿನ ಮೇಲೆ ಕೈ ಕಟ್ಟಿ ಕೂರುತ್ತಿದ್ದರು. ಮಣ್ಣಿನ ಡಾಕ್ಟರು ಆಫೀಸಿಗೆ ಹೋಗುವ ದಾರಿಯಲ್ಲಿ ಚಹಾ ತಂದುಕೊಟ್ಟು, ಪಕ್ಕದಲ್ಲಿ ಕೂತು ಹೋಗುತ್ತಿದ್ದಳು. ಮಾತು ಹೆಚ್ಚೇನಿಲ್ಲ. "ಆ ದಿನ ಡಬ್ಬೀಲಿ ಏನು ಪಲ್ಯ ಇತ್ತು?" ಎಂದು ಒಂದು ದಿನ ಭಾವ ಕೇಳಿದರು. "ಬೀನ್ಸು" ಎಂದಳು. "ಹೂಂ" ಅಂದರು.

ಒಂದು ಬೆಳಿಗ್ಗೆ ಇಬ್ಬರೂ ಹಾಗೆ ಕೂತಿದ್ದಾಗ ಬೇಕರಿಯವನು ಮೈಯೆಲ್ಲ ಹಿಟ್ಟು ಮೆತ್ತಿಕೊಂಡೇ ಗೇಟಿನೊಳಗೆ ನುಗ್ಗಿದ.

"ಏನ್ರೀ ಸಾಹೇಬ್ರೇ, ನೀರು ಯಾಕ್ರೀ ನಿಲ್ಸಿದ್ರಿ?"

ಭಾವ ಅವನನ್ನು ನೋಡಿದರು, ನಾದಿನಿಯನ್ನು ನೋಡಿದರು. "ನಾನು ನೀರು ನಿಲ್ಸಿದ್ದು ನಿಂಗೆ ಹೇಗೆ ಗೊತ್ತಾಯ್ತು?"

ಬೇಕರಿಯವನ ನಾಲಗೆ ತೊದಲಿತು. "ಅಲ್ಲ... ಗೋಡೆ ಒಣಗಿದೆ."

"ಒಣಗಲಿ ಅಂತಾನೇ ಅಲ್ವಾ ನೀನು ಬಡಕೊಳ್ತಿದ್ದಿದ್ದು?"

"ಅದು ಆಗ, ಸಾಹೇಬ್ರೇ. ನೀವು ಕೇಳ್ಲಿಲ್ಲ. ನಾನೇನು ಮಾಡ್ಲಿ? ಮೂಲೇಲಿ ಒಂದು ಗುಂಡಿ ತೋಡಿಸ್ದೆ. ನೀರು ಬಂದು ನಿಲ್ಲಕ್ಕೆ ಶುರುವಾಯ್ತು. ಹೊರಗೆ ಹಾಕೋಣ ಅಂತ ಪಂಪು ಇಟ್ಟೆ. ಹೊರಗೆ ಯಾಕೆ ಹಾಕ್ಬೇಕು ಅಂತ ನಮ್ಮನೆಯವಳು ಮೇಲಕ್ಕೆ ಹತ್ತಿಸಿದ್ಲು." ಅವನು ಬೇಕರಿಯ ತಾರಸಿಯ ಕಡೆ ಕೈ ತೋರಿಸಿದ. "ಈಗ ಅವಳ ಗಿಡ ಎಲ್ಲಾ ಬಾಡ್ತಿವೆ. ಮನೇಲಿ ನಂಗೆ ಊಟ ಹಾಕ್ತಿಲ್ಲ."

ಭಾವ ಎದ್ದರು. ಮೂವರೂ ಬೇಕರಿಯ ಮೆಟ್ಟಿಲು ಹತ್ತಿದರು. ತಾರಸಿಯ ಬಾಗಿಲು ತೆರೆದಾಗ ಭಾವ ಹೊಸಿಲಿನಲ್ಲೇ ನಿಂತುಬಿಟ್ಟರು. ಡಬ್ಬ, ಬಕೆಟ್ಟು, ಒಡೆದ ಬೋಗುಣಿ, ಹಳೆಯ ಬ್ರೆಡ್ಡಿನ ಅಚ್ಚುಗಳು ಕೂಡ, ಮಣ್ಣು ಹಿಡಿಯುವ ಪ್ರತಿಯೊಂದರಲ್ಲೂ ಗಿಡ. ಚಪ್ಪರದ ತುಂಬ ಕುಂಬಳದ ಬಳ್ಳಿ. ಎರಡು ಕೈಯಲ್ಲಿ ಹಿಡಿಯಲಾಗದಂಥ ಡೇರೆ ಹೂವುಗಳು. ಬಾಡಲು ಶುರುವಾಗಿದ್ದರೂ ಪಾರ್ಕಿನ ಯಾವ ಪಾತಿಯೂ ಅದರ ಹತ್ತಿರಕ್ಕೆ ಬರುತ್ತಿರಲಿಲ್ಲ.

ಬೇಕರಿಯವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಏನು ನೋಡ್ತೀರಿ? ಸಾಯ್ತಿವೆ, ನೋಡಿ."

ಭಾವ ಒಂದು ಎಲೆಯನ್ನು ಮುಟ್ಟಿ, ಬೆನ್ನು ಮಗುಚಿ ನೋಡಿದರು. "ಇದೆಲ್ಲಾ ನನ್ನ ನೀರು" ಅಂದರು.

"ನೀರು ನಿಮ್ದಿರಬಹುದು. ಬೆಳೆಸಿದ್ದು ನಾನು."

ಬಂದವರು ಖಾಲಿ ಕೈಯಲ್ಲಿ ಹೋಗಬಾರದೆಂದು ಅವಳು ಒಂದು ಕುಂಬಳಕಾಯಿ ಕೊಯ್ದು ಕೈಗಿಟ್ಟಳು. ಮೆಟ್ಟಿಲಿಳಿಯುವಾಗ ಭಾವ ಅದನ್ನು ಮಗುವಿನಂತೆ ಎದೆಗವಚಿಕೊಂಡಿದ್ದರು. ಬೀದಿಗೆ ಬಂದ ಮೇಲೆ ನಿಂತು, "ನಿನ್ನ ಮೆಷಿನ್ ಸುಳ್ಳು ಹೇಳಲ್ಲಮ್ಮ" ಅಂದರು. ಆಮೇಲೆ ಕೇಳಿದರು: "ಈಗ ಏನು ಮಾಡ್ಬೇಕು?"

ಅವಳು ಕುಂಬಳಕಾಯಿಗೇ ಉತ್ತರ ಕೊಟ್ಟಳು. ದಾರಿ ಒಂದೇ ಇತ್ತು. ಗಟ್ಟಿ ಪದರ ಒಡೆಯಬೇಕು. ರೋಲರ್ ಮೂಲೆ ಸೇರಬೇಕು. ಮರದ ನೆರಳಿನಷ್ಟು ಜಾಗದಲ್ಲಿ ಹುಲ್ಲು ತೆಗೆದು ಮರದ ಚಕ್ಕೆ ಹರಡಬೇಕು. ಬೇರು ಎಲ್ಲಿಲ್ಲವೆಂದು ರೇಡಾರ್ ತೋರಿಸಿದೆಯೋ ಅಲ್ಲೆಲ್ಲ ಉದ್ದ ಹಲ್ಲಿನ ಕವೆಗೋಲಿನಿಂದ ಚುಚ್ಚಿ, ಒಳಗೆ ಗಾಳಿ ಊದಬೇಕು.

"ತೂತು" ಅಂದರು ಭಾವ.

"ತೂತು, ಭಾವ."

"ಎಷ್ಟು?"

"ತುಂಬಾ."

ಆ ಬೆಳಿಗ್ಗೆ ಮನೆಯವರೆಲ್ಲ ಬಂದಿದ್ದರು. ಭಾವ ಕವೆಗೋಲು ಹಿಡಿದು, ಹಲ್ಲುಗಳನ್ನು ಹುಲ್ಲಿನ ಮೇಲಿಟ್ಟು ನಿಂತರು. ಕಾಲೆತ್ತಿ ತುಳಿಯಬೇಕು, ಅಷ್ಟೇ. ಕಾಲು ಏಳಲಿಲ್ಲ. ಹಣೆಯ ಮೇಲೆ ಬೆವರು ಮೂಡಿತು. "ಬಿಸಿಲು ಜಾಸ್ತಿ" ಅಂದರು. ಮೋಡ ಕವಿದಿತ್ತು. "ನಾಳೆ ಮಾಡಿದ್ರೆ ಹೇಗೆ?" ಅಂದರು. ದಂತವೈದ್ಯ ಮುಂದೆ ಬಂದಾಗ, "ನೀನು ಮುಟ್ಟಬೇಡ!" ಎಂದು ಗದರಿದರು.

ಅತ್ತೆ ಫ್ಲಾಸ್ಕು ಕೆಳಗಿಟ್ಟು ಎದ್ದರು. ನೋವಿನ ಮಂಡಿಯನ್ನು ಎಳೆದುಕೊಂಡು ಬಂದು, ಮಗನ ಕೈಯಿಂದ ಕವೆಗೋಲನ್ನು ತೆಗೆದುಕೊಂಡು, ಒಳ್ಳೆಯ ಕಾಲನ್ನು ಅದರ ಮೇಲಿಟ್ಟು ಇಡೀ ಮೈಭಾರ ಬಿಟ್ಟರು. ಹಲ್ಲುಗಳು ಕಚಕ್ಕನೆ ಒಳಗಿಳಿದವು.

"ಇಷ್ಟೇ ಕಣೋ. ಕಿವಿ ಚುಚ್ಚಿಸುವಾಗ ನೀನು ಇದಕ್ಕಿಂತ ಜಾಸ್ತಿ ಅತ್ತಿದ್ದೆ."

ಭಾವ ಬಗ್ಗಿ ಆ ತೂತುಗಳನ್ನು ನೋಡಿದರು, ಬೆರಳು ಹಾಕಿ ನೋಡಿದರು. ಎರಡನೆಯದನ್ನು ಅವರೇ ಚುಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಅವರನ್ನು ತಡೆಯುವುದೇ ಕಷ್ಟವಾಯಿತು. ರೇಡಾರ್ ಬೇಡವೆಂದ ಜಾಗದಲ್ಲೂ ಚುಚ್ಚಲು ಹೊರಟು ನಾದಿನಿಯಿಂದ ಬೈಸಿಕೊಂಡರು.

ಮರ ಪೂರ್ತಿ ಉಳಿಯಲಿಲ್ಲ, ಪೂರ್ತಿ ಹೋಗಲೂ ಇಲ್ಲ. ಒಣಗಿದ ತುದಿಯನ್ನೂ ಬೇಕರಿ ಕಡೆಯ ಒಂದು ದೊಡ್ಡ ಕೊಂಬೆಯನ್ನೂ ಕತ್ತರಿಸಬೇಕಾಯಿತು. ಅದರಿಂದ ನೋಡಲು ಸ್ವಲ್ಪ ವಾರೆಯಾಯಿತು. ಮಳೆಗಾಲ ಕಳೆದ ಮೇಲೆ ಭಾವ ಮತ್ತೆ ಕೋಲು ಹಿಡಿದು ಎಲ್ಲ ಸಾಲುಗಳನ್ನೂ ನಡೆದಾಗ ಆಳದ ನಕ್ಷೆಯಲ್ಲಿ ಕಂದು ಬಣ್ಣದ ನಡುವೆ ಅಲ್ಲಲ್ಲಿ ನೀಲಿ ಇಣುಕಿತ್ತು. ಉಳಿದ ಕೊಂಬೆಗಳಲ್ಲಿ ಚಿಗುರು ಕಂಡಿತು. ಸಮಿತಿಯವರು ಕಡಿಯುವ ಮಾತು ಬಿಟ್ಟರು. ಬೇಕರಿಯವನ ಹೆಂಡತಿ ತಾರಸಿಗೆ ಮಳೆನೀರಿನ ತೊಟ್ಟಿ ಕಟ್ಟಿಸಿಕೊಂಡಳು. ಬೇಕರಿಯವನಿಗೆ ಊಟ ಮತ್ತೆ ಸಿಗತೊಡಗಿತು.

ಭಾವನಿಗೆ ಮಾತ್ರ ಹೊಸ ಹುಚ್ಚು ಹಿಡಿಯಿತು. ಪಾರ್ಕಿಗೆ ಬಂದವರನ್ನೆಲ್ಲ ನಿಲ್ಲಿಸಿ ಸುರುಳಿ, ಅಲೆ, ಗುಸುಗುಸು ಎಂದು ವಿವರಿಸುವರು. "ನಾನು ಅಳೆದಿದ್ದು" ಅನ್ನುವರು. ಒಮ್ಮೆ ಪಕ್ಕದಲ್ಲೇ ಇದ್ದ ಮಣ್ಣಿನ ಡಾಕ್ಟರು ಕೆಮ್ಮಿದಾಗ, "ಮೆಷಿನ್ ಇವಳದು, ಕಾಲು ನಂದು" ಎಂದು ತಿದ್ದಿಕೊಂಡರು. ಮೊದಲು ಉಪ್ಪಿನ ಡಬ್ಬಿಯ ಜೊತೆ ಮಾತಾಡುತ್ತಿದ್ದವರು ಈಗ ಬೆಳಗಿನ ತಿಂಡಿಯ ಹೊತ್ತಿಗೇ ಅವಳಿಗೆ ಫೋನು ಮಾಡಿ, ಹೂವಿನ ಪಾತಿಯ ಕೆಳಗೆ ಏನಿರಬಹುದು, ಗೇಟಿನ ಕೆಳಗೆ ಏನಿರಬಹುದು ಎಂದು ಕೇಳುತ್ತಿದ್ದರು. "ನಿಮ್ಮಣ್ಣ ನೇರವಾಗಿ ಮಾತಾಡದೇ ಇದ್ದಾಗ್ಲೇ ಚೆನ್ನಾಗಿತ್ತು" ಎಂದು ಅವಳು ಗಂಡನಿಗೆ ಹೇಳಿದಳು. ಆದರೆ ಫೋನು ಬಾರದ ದಿನ ಅವಳೇ ಮಾಡುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಅವಳ ಆಫೀಸಿಗೆ ಒಂದು ದೊಡ್ಡ ಕೆಲಸ ಬಂತು. ಊರಾಚೆಯ ಕೆರೆಯ ಏರಿಯೊಳಗೆ ನೀರು ನುಸುಳುತ್ತಿದೆಯೇ ಎಂದು ಏರಿಯನ್ನು ಅಗೆಯದೆ ನೋಡಬೇಕಿತ್ತು. ಭಾವ ರಜೆ ಹಾಕಿ, ಒಗೆದು ಮಡಿಸಿದ ಲಾಡಿ ಪ್ಯಾಂಟಿನಲ್ಲಿ ಬೆಳಗಾಗುವ ಮೊದಲೇ ಬಾಗಿಲಲ್ಲಿ ನಿಂತಿದ್ದರು. ದಂತವೈದ್ಯ ತಾನೂ ಬರುತ್ತೇನೆಂದಾಗ ಇಬ್ಬರೂ ಒಟ್ಟಿಗೆ "ಬೇಡ" ಅಂದರು.

ಏರಿ ಉದ್ದಕ್ಕೆ ಮಲಗಿತ್ತು. ಅದರ ಇಳಿಜಾರಿನ ತುಂಬ ಎಳೆಯ ಹುಲ್ಲು, ಹುಲ್ಲಿನ ತುಂಬ ಯಾರದೋ ಆಡುಗಳು. ಭಾವ ಕೋಲು ಹಿಡಿದು ಹೊರಟವರು ಅರ್ಧ ದಾರಿಯಲ್ಲಿ ನಿಂತರು. ಅವರ ಕುತ್ತಿಗೆ ಕೆಂಪಾಗುತ್ತಿತ್ತು.

"ಭಾವ! ಅದು ನಮ್ಮ ಹುಲ್ಲಲ್ಲ!" ಎಂದು ಕೆಳಗಿನಿಂದ ಅವಳು ಕೂಗಿದಳು.

"ಗೊತ್ತಮ್ಮ, ಗೊತ್ತು" ಎಂದು ಅವರು ತಿರುಗಿ ಕೂಗಿದರು. ಸ್ವಲ್ಪ ಹೊತ್ತು ಆಡುಗಳನ್ನೇ ದುರುಗುಟ್ಟಿಕೊಂಡು ನೋಡಿದರು. ದಾರಿಗೆ ಅಡ್ಡವಾಗಿ ಮಲಗಿದ್ದ ದೊಡ್ಡ ಆಡೊಂದು ಮೆಲುಕು ಹಾಕುತ್ತಾ ಅವರನ್ನೇ ನೋಡಿತು, ಏಳಲಿಲ್ಲ. ಭಾವ ಅದನ್ನು ಬಳಸಿಕೊಂಡು ಹೋದರು. ಅವರ ಗೆರೆ ಅಲ್ಲಿ ಮೊದಲ ಸಲ ಕೊಂಚ ಸೊಟ್ಟಗಾಯಿತು.